ಸ್ತನದ ಇಂಪ್ಲಾಂಟ್ ತನ್ನ ಜಾಗದಲ್ಲೇ ಇದೆಯೇ?

ಆಪರೇಶನ್ ಆಗಿ ಮೂರು ವಾರ ಕಳೆದಿದೆ. ಪಟ್ಟಿ ಬಿಚ್ಚಿದ್ದಾರೆ, ಹೊಲಿಗೆ ಒಣಗುತ್ತಿದೆ. ಸ್ನಾನದ ಕೋಣೆಯ ಚಿಲಕ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತೀರಿ. ಎದೆ ಧಸಕ್ಕೆನ್ನುತ್ತದೆ. ಸ್ತನ ಇರಬೇಕಾದ ಜಾಗಕ್ಕಿಂತ ಮೇಲೆ, ಕೊರಳೆಲುಬಿನ ಹತ್ತಿರ ಹೋಗಿ ಕುಳಿತಂತಿದೆ. ಬಲಗಡೆಯದ್ದು ಎಡಗಡೆಗಿಂತ ಒಂದು ಬೆರಳಿನಷ್ಟು ಎತ್ತರದಲ್ಲಿದೆ. ಮುಟ್ಟಿದರೆ ಮರದ ಹಾಗೆ ಗಟ್ಟಿ. ಇಷ್ಟು ಖರ್ಚು ಮಾಡಿ, ಇಷ್ಟು ನೋವು ತಿಂದು ಕೊನೆಗೆ ಆದದ್ದು ಇದೇನಾ ಎಂದು ಕಣ್ಣು ತುಂಬುತ್ತದೆ. ಯಾರಲ್ಲಿ ಕೇಳುವುದು? ಅತ್ತೆಯ ಬಳಿ ಬಾಯಿ ಬಿಡುವಂತಿಲ್ಲ. ಪತಿ ದೂರದ ಊರಿನಲ್ಲಿದ್ದರೆ ಫೋನಿನಲ್ಲಿ ಹೇಳುವ ಮಾತೂ ಇದಲ್ಲ. ಡಾಕ್ಟರರ ಮುಂದಿನ ಭೇಟಿಗೆ ಇನ್ನೂ ಒಂದು ತಿಂಗಳಿದೆ.

ಇಂತಹ ಆತಂಕ ಹೊತ್ತ ಸಹೋದರಿಯರಿಗಾಗಿ ಈ ಲೇಖನ. ಅವರಲ್ಲಿ ಕೆಲವರು ಕ್ಯಾನ್ಸರ್ ಬಂದು ಸ್ತನ ತೆಗೆಸಿಕೊಂಡ ಮೇಲೆ ಅದೇ ಜಾಗದಲ್ಲಿ ಇಂಪ್ಲಾಂಟ್ ಇರಿಸಿಕೊಂಡವರು. ಕೆಲವರಿಗೆ ಹುಟ್ಟಿನಿಂದಲೇ ಒಂದು ಕಡೆಯ ಸ್ತನ ಬೆಳೆದಿರುವುದಿಲ್ಲ. ಇನ್ನು ಕೆಲವರು ಗಾತ್ರ ಹೆಚ್ಚಿಸಿಕೊಳ್ಳಲೆಂದೇ ಮಾಡಿಸಿಕೊಂಡವರು. ಈ ಕೊನೆಯದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ವಿದ್ವಾಂಸರಿಗೆ ಬಿಡೋಣ. ಈ ಪುಟದ ಕೆಲಸ ಬೇರೆ. ಇಂಪ್ಲಾಂಟ್ ಒಳಗೆ ಸೇರಿದ ಮೇಲೆ ಯಾವ ಕಾರಣಕ್ಕೆ ಬಂತು ಎಂದು ದೇಹ ವಿಚಾರಿಸುವುದಿಲ್ಲ. ಕಾರಣ ಹೇಳಲು ನಾಚಿ ತೊಂದರೆಯನ್ನೇ ಮುಚ್ಚಿಟ್ಟರೆ ನಷ್ಟ ನಿಮ್ಮದೇ.

ಒಳಗೆ ಏನಿದೆ, ಎಲ್ಲಿದೆ?

ಇಂಪ್ಲಾಂಟ್ ಎಂದರೆ ಸಿಲಿಕೋನಿನ ಒಂದು ಮೃದು ಚೀಲ. ಅದರೊಳಗೆ ಸಿಲಿಕೋನ್ ಜೆಲ್ ಅಥವಾ ಸಲೈನ್ ನೀರು ಇರುತ್ತದೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ಸರ್ಜನ್‌ಗಳು ಮೊದಲ ಬಾರಿಗೆ ಸಿಲಿಕೋನ್ ಜೆಲ್ ಚೀಲವನ್ನು ಮಹಿಳೆಯೊಬ್ಬರಿಗೆ ಅಳವಡಿಸಿದರು. ಅಂದಿನಿಂದ ಇಂದಿಗೆ ಚೀಲ ಎಷ್ಟೋ ಸುಧಾರಿಸಿದೆ. ಆದರೂ ಅದು ಜೀವನಪರ್ಯಂತ ಬಾಳುವ ವಸ್ತುವಲ್ಲ. ಎಂದಾದರೊಂದು ದಿನ ಬದಲಿಸಬೇಕಾಗಿ ಅಥವಾ ತೆಗೆಸಬೇಕಾಗಿ ಬರಬಹುದು. ಆಪರೇಶನ್‌ಗೆ ಮುಂಚೆ ಈ ಮಾತನ್ನು ಒತ್ತಿ ಹೇಳುವವರು ಕಡಿಮೆ.

ಚೀಲವನ್ನು ಇರಿಸುವ ಜಾಗ ಮುಖ್ಯವಾಗಿ ಎರಡು. ಎದೆಗೂಡಿನ ಮೇಲೆ ಬೀಸಣಿಗೆಯಂತೆ ಹರಡಿಕೊಂಡ ದೊಡ್ಡ ಸ್ನಾಯು ಒಂದಿದೆ. ಅದರ ಮೇಲೆ, ಅಂದರೆ ಹಾಲಿನ ಗ್ರಂಥಿಯ ಹಿಂದೆ ಇರಿಸುವುದು ಒಂದು ವಿಧಾನ. ಸ್ನಾಯುವಿನ ಅಡಿಯಲ್ಲಿ ಇರಿಸುವುದು ಇನ್ನೊಂದು. ಚೀಲದ ಮೇಲರ್ಧ ಮಾತ್ರ ಸ್ನಾಯುವಿನ ಅಡಿಯಲ್ಲಿ, ಕೆಳಗಿನರ್ಧ ಗ್ರಂಥಿಯ ಅಡಿಯಲ್ಲಿ ಇರುವಂತೆ ಮಾಡುವುದೂ ಉಂಟು. ನಿಮ್ಮದು ಯಾವುದೆಂದು ನಿಮಗೆ ತಿಳಿದಿರಬೇಕು. ಯಾಕೆಂದರೆ ಮೊದಲ ತಿಂಗಳುಗಳಲ್ಲಿ ಕನ್ನಡಿಯಲ್ಲಿ ಕಾಣುವುದು ಬಹುಪಾಲು ಅದನ್ನೇ ಅವಲಂಬಿಸಿದೆ.

ಮೊದಲು ಮೇಲೆ, ಆಮೇಲೆ ಕೆಳಗೆ

ಬಿಗಿಯಾದ ಗವಸಿನೊಳಗೆ ದಪ್ಪ ದಿಂಬು ತುರುಕಿದರೆ ಏನಾಗುತ್ತದೆ? ದಿಂಬು ಒಂದು ಕಡೆ ಉಬ್ಬಿ ಕೂರುತ್ತದೆ, ಮೂಲೆಗಳವರೆಗೆ ಹೋಗುವುದಿಲ್ಲ. ಬಟ್ಟೆ ಸಡಿಲವಾದ ಹಾಗೆ ಅದು ಇಳಿದು ಹರಡಿಕೊಳ್ಳುತ್ತದೆ. ಇಲ್ಲಿ ನಡೆಯುವುದೂ ಹೀಗೆಯೇ. ಆಪರೇಶನ್ ಆದ ಹೊಸತರಲ್ಲಿ ಸ್ನಾಯು ಸೆಟೆದುಕೊಂಡು ಚೀಲವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಸ್ತನದ ಕೆಳಭಾಗದ ಚರ್ಮ ಇನ್ನೂ ಹಿಗ್ಗಿರುವುದಿಲ್ಲ. ಜೊತೆಗೆ ಬಾವು ಬೇರೆ. ಆದ್ದರಿಂದ ಮೇಲ್ಭಾಗ ತುಂಬಿಕೊಂಡು, ಕೆಳಭಾಗ ಚಪ್ಪಟೆಯಾಗಿ ಕಾಣುತ್ತದೆ.

ಬಾವಿನ ಹೆಚ್ಚಿನ ಭಾಗ ಮೊದಲ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸ್ನಾಯು ಸಡಿಲಗೊಳ್ಳಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಆಕಾರ ಸುಮಾರಾಗಿ ತಿಳಿಯುತ್ತದೆ, ಪೂರ್ತಿ ನೆಲೆಗೊಳ್ಳಲು ಆರು ತಿಂಗಳು ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು. ಸ್ನಾಯುವಿನ ಮೇಲೆ ಇರಿಸಿದ್ದರೆ ಬೇಗ ಇಳಿಯುತ್ತದೆ. ಚರ್ಮ ಬಿಗಿ ಇರುವ ಚಿಕ್ಕ ವಯಸ್ಸಿನವರಲ್ಲಿ, ಹೆರಿಗೆಯಾಗದವರಲ್ಲಿ ನಿಧಾನ. ಹಾಗಾಗಿ ಮೂರನೇ ವಾರದ ಕನ್ನಡಿಯನ್ನು ನಂಬಬೇಡಿ.

ಎರಡು ಕಡೆ ಒಂದೇ ವೇಗದಲ್ಲಿ ಇಳಿಯಬೇಕೆಂದೂ ಇಲ್ಲ. ಬಲಗೈಯನ್ನೇ ಹೆಚ್ಚು ಬಳಸುವವರಿಗೆ ಬಲಗಡೆಯ ಸ್ನಾಯು ಗಟ್ಟಿಯಿರುತ್ತದೆ, ಅಲ್ಲಿ ಚೀಲ ತಡವಾಗಿ ಇಳಿಯಬಹುದು. ಇನ್ನೊಂದು ಮಾತು: ಆಪರೇಶನ್‌ಗೆ ಮುಂಚೆಯೂ ನಿಮ್ಮ ಎರಡು ಸ್ತನಗಳು ಒಂದೇ ಅಚ್ಚಿನಂತಿರಲಿಲ್ಲ. ಯಾರದ್ದೂ ಇರುವುದಿಲ್ಲ. ಆಗ ನಾವು ಅಷ್ಟು ದಿಟ್ಟಿಸಿ ನೋಡಿರುವುದಿಲ್ಲ, ಅಷ್ಟೇ.

ಮಲಗಿದಾಗ ಚೀಲ ಸ್ವಲ್ಪ ಕಂಕುಳಿನ ಕಡೆಗೆ ಸರಿಯುವುದು ಸಹಜ. ಸ್ನಾಯುವಿನ ಅಡಿಯಲ್ಲಿರುವ ಚೀಲ, ಭಾರ ಎತ್ತುವಾಗ ಅಥವಾ ಕೈಗಳನ್ನು ಒತ್ತುವಾಗ ಮೇಲಕ್ಕೆ ಜಿಗಿದಂತೆ ಕಾಣುವುದೂ ಉಂಟು. ನೋಡಿದವರು ಗಾಬರಿಯಾಗುತ್ತಾರೆ, ಆದರೆ ಚೀಲ ಕಿತ್ತುಬಂದಿದೆ ಎಂದು ಅದರ ಅರ್ಥವಲ್ಲ.

ಟೈಲರ್ ಟೇಪ್ ಹೇಳುವ ಸತ್ಯ

ದಿನಕ್ಕೆ ಹತ್ತು ಸಲ ಕನ್ನಡಿ ನೋಡಿದರೆ ಬದಲಾವಣೆ ಕಾಣಿಸುವುದಿಲ್ಲ, ಚಿಂತೆ ಮಾತ್ರ ಬೆಳೆಯುತ್ತದೆ. ತಿಂಗಳಿಗೊಮ್ಮೆ ಫೋಟೋ ತೆಗೆದು ಹೋಲಿಸಿ ಎಂದು ಅನೇಕ ಸರ್ಜನ್‌ಗಳು ಹೇಳುತ್ತಾರೆ. ಇಂತಹ ಚಿತ್ರಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಲು ನಮ್ಮ ಮನೆಗಳ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಆ ಹಿಂಜರಿಕೆ ತಪ್ಪಲ್ಲ. ಫೋನು ಮಕ್ಕಳ ಕೈಗೆ ಹೋಗುತ್ತದೆ, ರಿಪೇರಿ ಅಂಗಡಿಗೂ ಹೋಗುತ್ತದೆ. ಅದಕ್ಕೆ ಬದಲಾಗಿ ಹೊಲಿಗೆ ಪೆಟ್ಟಿಗೆಯಲ್ಲಿರುವ ಟೇಪ್ ಸಾಕು. ಸರ್ಜನ್‌ಗಳೂ ಟೇಪಿನಿಂದಲೇ ಅಳೆಯುತ್ತಾರೆ.

ನೆಟ್ಟಗೆ ನಿಂತು, ಕೈಗಳನ್ನು ಇಳಿಬಿಟ್ಟು ಎರಡು ಅಳತೆ ತೆಗೆಯಿರಿ. ಕುತ್ತಿಗೆಯ ಬುಡದ ಕುಳಿಯಿಂದ ಮೊಲೆತೊಟ್ಟಿನವರೆಗೆ ಒಂದು. ಮೊಲೆತೊಟ್ಟಿನಿಂದ ಸ್ತನದ ಕೆಳಗಿನ ಮಡಿಕೆಯವರೆಗೆ ಇನ್ನೊಂದು. ಎರಡೂ ಕಡೆ ಅಳೆದು ತಾರೀಖು ಹಾಕಿ ಬರೆದಿಡಿ. ತೊಟ್ಟು ಉಳಿದಿಲ್ಲದಿದ್ದರೆ ಕುತ್ತಿಗೆಯ ಕುಳಿಯಿಂದ ಕೆಳಗಿನ ಮಡಿಕೆಯವರೆಗೆ ಅಳೆದರಾಯಿತು. ತಿಂಗಳಿಗೊಮ್ಮೆ ಸಾಕು. ಎರಡನೇ ಅಳತೆ ಮೊದಲ ತಿಂಗಳುಗಳಲ್ಲಿ ನಿಧಾನವಾಗಿ ಸ್ವಲ್ಪ ಹೆಚ್ಚುವುದು ನಿರೀಕ್ಷಿತ. ಕೆಳಭಾಗ ಹಿಗ್ಗುತ್ತಿದೆ ಎಂಬುದಕ್ಕೆ ಅದೇ ಗುರುತು. ಹೆಚ್ಚುವುದು ನಿಂತರೆ ಚೀಲ ನೆಲೆಗೊಂಡಿತು ಎನ್ನಬಹುದು. ಡಾಕ್ಟರರ ಮುಂದೆ ಈ ಕಾಗದ ಇಟ್ಟರೆ “ಯಾಕೋ ಸರಿಯಿಲ್ಲ ಅನಿಸುತ್ತದೆ” ಎಂದು ತಡವರಿಸಬೇಕಾಗಿಲ್ಲ.

ನಿಜವಾಗಿ ಜಾಗ ತಪ್ಪಿದಾಗ

ಎಲ್ಲವೂ ಕಾಲಕ್ಕೆ ಸರಿಹೋಗುತ್ತದೆ ಎಂದು ಹೇಳಿ ಸುಮ್ಮನಾಗುವಂತಿಲ್ಲ. ಆ ಎರಡನೇ ಅಳತೆ ಆರು ತಿಂಗಳ ನಂತರವೂ ಹೆಚ್ಚುತ್ತಲೇ ಇದೆ, ತೊಟ್ಟು ಆಕಾಶ ನೋಡುತ್ತಿದೆ, ಮಡಿಕೆಯಲ್ಲಿ ಅಡಗಿದ್ದ ಗಾಯದ ಗೆರೆ ಈಗ ಸ್ತನದ ಮೇಲೆ ಏರಿ ಬಂದಂತೆ ಕಾಣುತ್ತಿದೆ ಎಂದಾದರೆ ಚೀಲ ಮಿತಿಮೀರಿ ಕೆಳಗಿಳಿದಿದೆ. ಚೀಲ ದೊಡ್ಡದಾಗಿ, ಅದನ್ನು ಹೊರುವ ಚರ್ಮ ತೆಳುವಾಗಿದ್ದರೆ ಹೀಗಾಗುವ ಸಾಧ್ಯತೆ ಹೆಚ್ಚು. ಎರಡು ಚೀಲಗಳೂ ಎದೆಯ ನಡುವೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು, ನಡುವಿನ ಚರ್ಮ ಎದೆಗೂಡಿನಿಂದ ಮೇಲೆದ್ದರೆ ಅದೂ ಜಾಗ ತಪ್ಪಿದ್ದೇ. ಮಲಗಿದಾಗ ಪೂರ್ತಿಯಾಗಿ ಕಂಕುಳಿಗೆ ಜಾರಿ ಹೋಗುವುದು ಇನ್ನೊಂದು ಬಗೆ. ಹನಿಯ ಆಕಾರದ ಚೀಲ ಇರಿಸಿದ್ದರೆ ಅದು ಒಳಗೇ ತಿರುಗಿಬಿಡಬಹುದು. ಆಗ ನಿನ್ನೆ ಸರಿಯಿದ್ದ ಆಕಾರ ಇಂದು ಓರೆಯಾಗಿ ಕಾಣುತ್ತದೆ. ಗುಂಡಗಿನ ಚೀಲ ತಿರುಗಿದರೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಮತ್ತೆ ಮೇಲಕ್ಕೇರುವ ಇಂಪ್ಲಾಂಟ್. ಹೊರಗಿನ ಯಾವ ವಸ್ತು ಒಳಗೆ ಸೇರಿದರೂ ದೇಹ ಅದರ ಸುತ್ತ ತೆಳುವಾದ ಪೊರೆ ಕಟ್ಟುತ್ತದೆ. ಅದು ಸಹಜ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಬಿಗಿದು, ಚೀಲವನ್ನು ಹಿಂಡತೊಡಗುತ್ತದೆ. ಮೃದುವಾಗಿದ್ದ ಸ್ತನ ಗಟ್ಟಿಯಾಗುತ್ತದೆ, ಗುಂಡಗಾಗುತ್ತದೆ, ಇನ್ನೊಂದಕ್ಕಿಂತ ಮೇಲೇರುತ್ತದೆ, ಕೊನೆಗೆ ನೋವೂ ಬರುತ್ತದೆ. ವೈದ್ಯರು ಇದನ್ನು ಬೇಕರ್ ಶ್ರೇಣಿ ಎಂಬ ನಾಲ್ಕು ಹಂತಗಳಲ್ಲಿ ಹೇಳುತ್ತಾರೆ. ಮೊದಲನೆಯದು ಸಹಜ ಮೃದು ಸ್ತನ. ಎರಡನೆಯದರಲ್ಲಿ ತುಸು ಗಟ್ಟಿ, ಆದರೆ ನೋಡಲು ವ್ಯತ್ಯಾಸವಿಲ್ಲ. ಮೂರರಲ್ಲಿ ಆಕಾರ ಕೆಡುತ್ತದೆ, ನಾಲ್ಕರಲ್ಲಿ ನೋವಿರುತ್ತದೆ.

ಇಲ್ಲಿಯೇ ಗೊಂದಲವಾಗುವುದು. ಮೂರನೇ ವಾರದಲ್ಲೂ ಸ್ತನ ಗಟ್ಟಿಯಾಗಿ ಮೇಲಿತ್ತು, ಈಗಲೂ ಗಟ್ಟಿಯಾಗಿ ಮೇಲಿದೆ. ವ್ಯತ್ಯಾಸ ಎಲ್ಲಿ? ಕ್ರಮದಲ್ಲಿ. ಮೊದಲು ಗಟ್ಟಿಯಿದ್ದು ವಾರ ವಾರಕ್ಕೂ ಮೃದುವಾಗುತ್ತಾ ಬಂದರೆ ವಾಸಿಯಾಗುತ್ತಿದೆ. ಮೃದುವಾಗಿ ಇಳಿದದ್ದು ಮತ್ತೆ ಗಟ್ಟಿಯಾಗಿ ಏರತೊಡಗಿದರೆ, ಅದರಲ್ಲೂ ಒಂದೇ ಕಡೆ, ಭೇಟಿಯ ದಿನಕ್ಕೆ ಕಾಯದೆ ತೋರಿಸಬೇಕು.

ಕ್ಯಾನ್ಸರ್ ನಂತರ

ಸ್ತನ ತೆಗೆಸಿಕೊಂಡವರಿಗೆ ಮೇಲಿನ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಗ್ರಂಥಿಯೇ ಇಲ್ಲ. ಚರ್ಮದ ಅಡಿಯಲ್ಲಿ ಚೀಲ ಮಾತ್ರ ಇರುವುದರಿಂದ ಅಂಚುಗಳು ಕೈಗೆ ಸಿಗುತ್ತವೆ, ಸುಕ್ಕುಗಳು ಕಾಣಬಹುದು. ಅನೇಕರಿಗೆ ಮೊದಲು ಎಕ್ಸ್‌ಪಾಂಡರ್ ಎಂಬ ತಾತ್ಕಾಲಿಕ ಚೀಲ ಹಾಕಿ, ಕೆಲವು ವಾರಗಳ ಕಾಲ ಸೂಜಿಯಿಂದ ಸ್ವಲ್ಪ ಸ್ವಲ್ಪ ಸಲೈನ್ ತುಂಬಿಸಿ, ಚರ್ಮ ಹಿಗ್ಗಿದ ಮೇಲೆ ಶಾಶ್ವತ ಇಂಪ್ಲಾಂಟ್‌ಗೆ ಬದಲಿಸುತ್ತಾರೆ. ಎಕ್ಸ್‌ಪಾಂಡರ್ ಗಟ್ಟಿಯಾಗಿ, ಎತ್ತರದಲ್ಲಿ, ಒರಟಾಗಿಯೇ ಇರುತ್ತದೆ. ಅದನ್ನು ನೋಡಿ ಕೊನೆಯ ರೂಪ ಹೀಗೆಯೇ ಎಂದುಕೊಳ್ಳಬೇಡಿ. ಹೆಚ್ಚಿನ ಎಕ್ಸ್‌ಪಾಂಡರ್‌ಗಳ ಸೂಜಿ ಚುಚ್ಚುವ ಭಾಗದಲ್ಲಿ ಆಯಸ್ಕಾಂತ ಇರುತ್ತದೆ. ಈ ಅವಧಿಯಲ್ಲಿ ಬೆನ್ನುನೋವಿಗೋ ತಲೆನೋವಿಗೋ ಯಾರಾದರೂ ಎಂಆರ್‌ಐ ಬರೆದರೆ, ಒಳಗೆ ಎಕ್ಸ್‌ಪಾಂಡರ್ ಇದೆಯೆಂದು ಮೊದಲೇ ಹೇಳಿ.

ರೇಡಿಯೇಶನ್ ಪಡೆದ ಕಡೆ ಪೊರೆ ಬಿಗಿಯುವ ಸಂಭವ ಸ್ಪಷ್ಟವಾಗಿ ಹೆಚ್ಚು. ಆ ಕಾರಣಕ್ಕೆ ಕೆಲವು ಸರ್ಜನ್‌ಗಳು ಇಂಪ್ಲಾಂಟ್ ಬಿಟ್ಟು, ಬೆನ್ನಿನ ಅಥವಾ ಹೊಟ್ಟೆಯ ಅಂಗಾಂಶದಿಂದಲೇ ಸ್ತನ ಕಟ್ಟುವುದನ್ನು ಸೂಚಿಸುತ್ತಾರೆ. ಆಪರೇಶನ್ ಇನ್ನೂ ಆಗದವರು ಈ ಪ್ರಶ್ನೆಯನ್ನು ಕೇಳಲೇಬೇಕು.

ಇನ್ನೊಂದು ಕಡೆಯ ಸಹಜ ಸ್ತನ ವಯಸ್ಸಿನೊಂದಿಗೆ ಇಳಿಯುತ್ತದೆ, ತೂಕ ಏರಿದರೆ ದೊಡ್ಡದಾಗುತ್ತದೆ. ಇಂಪ್ಲಾಂಟ್ ಹಾಗೆ ಬದಲಾಗುವುದಿಲ್ಲ. ಐದಾರು ವರ್ಷಗಳ ನಂತರ ಎರಡರ ಎತ್ತರದಲ್ಲಿ ಅಂತರ ಕಂಡರೆ ಇಂಪ್ಲಾಂಟ್ ಮೇಲೇರಿತು ಎಂದೇ ಅಲ್ಲ, ಇನ್ನೊಂದು ಇಳಿದಿರಬಹುದು. ಯಾವುದೆಂದು ಹೇಳಲು ಮತ್ತೆ ಆ ಟೇಪಿನ ಕಾಗದವೇ ಬೇಕು.

ಕಾಯಲೇಬಾರದ ಲಕ್ಷಣಗಳು

ಮೊದಲ ದಿನಗಳಲ್ಲಿ ಒಂದೇ ಕಡೆ ಸ್ತನ ಹಠಾತ್ತನೆ ಊದಿ, ಬಿಗಿದು, ನೋವು ಏರುತ್ತಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಅದೇ ರಾತ್ರಿ ಹೊರಡಿ, ಬೆಳಗಾಗಲಿ ಎನ್ನಬೇಡಿ. ಜ್ವರ, ಕೆಂಪಗಾಗಿ ಹರಡುವ ಚರ್ಮ, ಗಾಯದಿಂದ ಕೀವು ಬಂದರೆ ಸೋಂಕು. ಇಂಪ್ಲಾಂಟ್ ಇರುವಾಗ ಮನೆಯಲ್ಲಿ ಉಳಿದಿದ್ದ ಹಳೆಯ ಮಾತ್ರೆ ನುಂಗಿ ನೋಡುವ ಸಾಹಸ ಬೇಡ. ಉಸಿರಾಟಕ್ಕೆ ಕಷ್ಟ, ಎದೆ ನೋವು, ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ರಕ್ತ ಹೆಪ್ಪುಗಟ್ಟಿರುವ ಶಂಕೆಯಿಂದ ನೇರ ತುರ್ತು ವಿಭಾಗಕ್ಕೆ ಹೋಗಬೇಕು.

ವರ್ಷಗಳ ನಂತರ ಬರುವ ಒಂದು ಲಕ್ಷಣವನ್ನೂ ತಿಳಿದಿರಿ. ಎಲ್ಲ ಸರಿಯಿದ್ದ ಸ್ತನ ಕಾರಣವಿಲ್ಲದೆ ಒಂದು ಕಡೆ ದೊಡ್ಡದಾದರೆ, ಗಡ್ಡೆ ಸಿಕ್ಕರೆ, ಒಳಗೆ ನೀರು ತುಂಬಿದೆಯೇ ಎಂದು ಸ್ಕ್ಯಾನ್ ಮಾಡಿ, ಆ ನೀರನ್ನು ಪರೀಕ್ಷೆಗೆ ಕಳಿಸಬೇಕು. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಅಪರೂಪದ ಒಂದು ಲಿಂಫೋಮಾ ಹೀಗೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಹೆಚ್ಚಾಗಿ ಒರಟು ಮೇಲ್ಮೈಯ ಚೀಲಗಳೊಂದಿಗೆ ನಂಟಿದೆ. 2019ರಲ್ಲಿ ಅಮೆರಿಕದ ಎಫ್‌ಡಿಎ ಕೋರಿಕೆಯ ಮೇರೆಗೆ ಅಲರ್ಗನ್ ಕಂಪೆನಿ ತನ್ನ ಬಯೋಸೆಲ್ ಬಗೆಯ ಒರಟು ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಇದೇ ಕಾರಣಕ್ಕೆ. ಆದರೆ ಯಾವ ಲಕ್ಷಣವೂ ಇಲ್ಲದವರು ಅದನ್ನು ತೆಗೆಸಲೇಬೇಕೆಂದು ಎಫ್‌ಡಿಎ ಹೇಳಲಿಲ್ಲ. ಹೆದರಿ ಓಡುವುದು ಬೇಡ, ಗೊತ್ತಿಲ್ಲದೆ ಇರುವುದೂ ಬೇಡ.

ಸಲೈನ್ ಚೀಲ ಒಡೆದರೆ ಸ್ತನ ಕುಗ್ಗಿ ತಾನೇ ಹೇಳಿಬಿಡುತ್ತದೆ. ಜೆಲ್ ಚೀಲ ಸದ್ದಿಲ್ಲದೆ ಒಡೆಯಬಹುದು. ಜೆಲ್ ಇಂಪ್ಲಾಂಟ್ ಇರುವವರು ಐದಾರು ವರ್ಷಗಳಾದ ಮೇಲೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ನಂತರ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಬೇಕೆಂದು ಎಫ್‌ಡಿಎ ಸಲಹೆ.

ಮನೆಯೊಳಗೆ

ಸುಜೂದ್‌ನಿಂದ ಏಳುವಾಗ ಮೈಯ ಭಾರ ಅಂಗೈ ಮೇಲೆ ಬೀಳುತ್ತದೆ, ಎದೆಯ ಸ್ನಾಯು ಬಿಗಿಯುತ್ತದೆ. ಸ್ನಾಯುವಿನ ಅಡಿಯಲ್ಲಿ ಹೊಸ ಚೀಲ ಇರುವಾಗ ದಿನಕ್ಕೆ ಐದು ಹೊತ್ತು ಇದು ನಡೆಯುತ್ತದೆ ಎಂಬುದು ಸರ್ಜನ್‌ಗೆ ಹೊಳೆದಿರುವುದಿಲ್ಲ. ಅವರು “ವ್ಯಾಯಾಮ ಮಾಡಬೇಡಿ” ಎಂದಷ್ಟೇ ಹೇಳಿರುತ್ತಾರೆ. ನೀವೇ ತೋರಿಸಿ ಕೇಳಿ. ಭಾರದ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತಡೆ ಇರುತ್ತದೆ. ಅಷ್ಟು ದಿನ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಕಾಯಿಲೆಯವರಿಗೆ ರಿಯಾಯಿತಿ ಇದ್ದೇ ಇದೆ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಓಡಿಬಂದು ಸೊಂಟಕ್ಕೇರುವ ಮಗು, ಇವೂ ಅದೇ ತಡೆಯೊಳಗೆ ಬರುತ್ತವೆ. ಮನೆಯವರಿಗೆ ವಿವರ ಹೇಳಲಾಗದಿದ್ದರೆ “ಎದೆಯ ಆಪರೇಶನ್ ಆಗಿದೆ, ಭಾರ ಎತ್ತಬಾರದು” ಎಂದರೆ ಸಾಕು. ಅದು ನಿಜವೇ.

ಎಣ್ಣೆ ಹಾಕಿ ತಿಕ್ಕಿದರೆ ಇಳಿಯುತ್ತದೆ ಎಂದು ಯಾರೋ ಹೇಳುತ್ತಾರೆ. ನಯವಾದ ಚೀಲಕ್ಕೆ ಕೆಲವು ಸರ್ಜನ್‌ಗಳು ಮೆಲ್ಲನೆ ಒತ್ತುವ ಕ್ರಮ ಕಲಿಸುತ್ತಾರೆ, ಒರಟು ಚೀಲಕ್ಕೆ ಬೇಡವೆನ್ನುತ್ತಾರೆ. ನಿಮಗೆ ಕಲಿಸಿರದಿದ್ದರೆ ಮಾಡಬೇಡಿ. ಮುಂದೆ ಹೆರಿಗೆಯಾದಾಗ ಬಾಣಂತಿಗೆ ಎಣ್ಣೆ ತಿಕ್ಕಲು ಬರುವ ಅಜ್ಜಿಗೂ ಎದೆಯನ್ನು ಬಿಟ್ಟುಬಿಡಲು ಹೇಳಿ. ಎದೆಯ ಮೇಲ್ಭಾಗಕ್ಕೆ ಕಟ್ಟುವ ಇಲಾಸ್ಟಿಕ್ ಪಟ್ಟಿಯದ್ದೂ ಇದೇ ಕಥೆ. ಮೇಲೆ ಕುಳಿತ ಚೀಲವನ್ನು ಇಳಿಸಲು ಅದನ್ನು ಕೊಡುತ್ತಾರೆ. ಈಗಾಗಲೇ ಅತಿಯಾಗಿ ಇಳಿದಿರುವ ಚೀಲಕ್ಕೆ ಗೆಳತಿಯ ಮಾತು ಕೇಳಿ ಅದನ್ನು ಕಟ್ಟಿದರೆ ಇನ್ನಷ್ಟು ಕೆಳಗೆ ತಳ್ಳಿದಂತಾಗುತ್ತದೆ.

ಸರಿಪಡಿಸುವ ಆಪರೇಶನ್ ಇದೆ. ಬಿಗಿದ ಪೊರೆಯನ್ನು ಕೊಯ್ದು ಸಡಿಲಿಸುತ್ತಾರೆ ಅಥವಾ ತೆಗೆಯುತ್ತಾರೆ. ಅತಿಯಾಗಿ ದೊಡ್ಡದಾದ ಜಾಗವನ್ನು ಒಳಗಿನಿಂದ ಹೊಲಿದು ಕಿರಿದುಗೊಳಿಸುತ್ತಾರೆ. ಚೀಲ ಚಿಕ್ಕದು ಮಾಡುವುದು, ಬೇಡವೆನಿಸಿದರೆ ತೆಗೆಸಿಯೇ ಬಿಡುವುದೂ ದಾರಿಗಳೇ. ತುರ್ತು ಕಾರಣ ಇಲ್ಲದಿದ್ದರೆ ಆರು ತಿಂಗಳಾದರೂ ಕಳೆಯಲಿ ಎನ್ನುತ್ತಾರೆ. ಇನ್ನೂ ಇಳಿಯುತ್ತಿರುವುದನ್ನು ಕೊಯ್ದು ಸರಿಪಡಿಸಿದರೆ ಆಮೇಲೆ ಅದು ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಎರಡನೇ ವಾರದಲ್ಲೇ “ಮತ್ತೊಂದು ಆಪರೇಶನ್ ಮಾಡೋಣ” ಎನ್ನುವವರ ಬಳಿ ಹಣ ಕಟ್ಟುವ ಮೊದಲು ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಮಹಿಳಾ ವೈದ್ಯೆಯೇ ಬೇಕೆಂದು ಕೇಳುವ ಹಕ್ಕು ನಿಮಗಿದೆ. ಸಿಗದಿದ್ದರೆ ನರ್ಸ್ ಅಥವಾ ಮನೆಯ ಹೆಂಗಸೊಬ್ಬರು ಜೊತೆಗಿದ್ದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಮಹಿಳಾ ವೈದ್ಯೆ ಸಿಗಲಿಲ್ಲವೆಂದು ಪರೀಕ್ಷೆಯನ್ನೇ ಮುಂದೂಡಬೇಡಿ.

ಮ್ಯಾಮೋಗ್ರಾಮ್‌ಗೆ ಹೋದಾಗ ಯಂತ್ರದ ಬಳಿ ನಿಂತವರಿಗೆ ಇಂಪ್ಲಾಂಟ್ ಇರುವುದನ್ನು ಮೊದಲೇ ಹೇಳಿ. ಚೀಲವನ್ನು ಹಿಂದಕ್ಕೆ ಸರಿಸಿ ಗ್ರಂಥಿಯನ್ನು ಮಾತ್ರ ಮುಂದೆಳೆದು ಚಿತ್ರ ತೆಗೆಯುವ ಕ್ರಮ ಬೇರೆಯೇ ಇದೆ.

ಆಪರೇಶನ್ ಆದ ಆಸ್ಪತ್ರೆಯಿಂದ ಒಂದು ಪುಟ್ಟ ಕಾರ್ಡ್ ಕೊಟ್ಟಿರುತ್ತಾರೆ. ಅದರಲ್ಲಿ ಕಂಪೆನಿಯ ಹೆಸರು, ಚೀಲದ ಗಾತ್ರ, ಮೇಲ್ಮೈ ನಯವೋ ಒರಟೋ, ಸೀರಿಯಲ್ ನಂಬರ್ ಇರುತ್ತದೆ. ಫ್ರಾನ್ಸಿನ ಪಿಐಪಿ ಕಂಪೆನಿ ವೈದ್ಯಕೀಯ ದರ್ಜೆಯದ್ದಲ್ಲದ ಸಿಲಿಕೋನ್ ತುಂಬಿಸಿ ಮಾರುತ್ತಿತ್ತೆಂದು 2010ರಲ್ಲಿ ಬಯಲಾದಾಗ ಅನೇಕ ದೇಶಗಳ ಮಹಿಳೆಯರ ಮುಂದಿದ್ದ ಮೊದಲ ಪ್ರಶ್ನೆ, ನನ್ನೊಳಗಿರುವುದು ಯಾವ ಕಂಪೆನಿಯದ್ದು ಎಂಬುದೇ. ಆ ಕಾರ್ಡನ್ನು ಆಧಾರ್, ಪಾಸ್‌ಪೋರ್ಟ್ ಇಡುವ ಚೀಲದಲ್ಲೇ ಇಡಿ. ಅದು ನಿಮಗೆ ಸಿಕ್ಕಿಲ್ಲದಿದ್ದರೆ ಆಪರೇಶನ್ ದಾಖಲೆಯ ಪ್ರತಿಯನ್ನು ಬರಹದಲ್ಲಿ ಕೇಳಿ. ಚೀಲದ ಜೊತೆ ಬಂದ ಸ್ಟಿಕರನ್ನು ಸಾಮಾನ್ಯವಾಗಿ ಅದರಲ್ಲಿ ಅಂಟಿಸಿರುತ್ತಾರೆ. ಕೇಳಿದ 72 ಗಂಟೆಗಳೊಳಗೆ ರೋಗಿಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಅದೇ ನಿಯಮಾವಳಿಯ ಪ್ರಕಾರ ದಾಖಲೆ ಕಾಯ್ದಿಡಬೇಕಾದ ಅವಧಿ ಮೂರು ವರ್ಷ ಮಾತ್ರ. ಆದ್ದರಿಂದ ಕೇಳುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ.